ಕುರ್ಚಿಯ ಹಿಂದೆ ನಿಂತವನು

"ಇವತ್ತೂ ಬರೀ ಮೆಟ್ಟಿಲು ನೋಡ್ಕೊಂಡು ವಾಪಸ್ ಬರ್ಬೇಡಿ," ಎಂದು ಹೆಂಡತಿ ಚುಚ್ಚಿದ್ದಕ್ಕೆ ಕ್ಷೌರಿಕ ಹಲ್ಲು ಕಚ್ಚಿ ಮಹಡಿ ಹತ್ತಿದ. ಮೇಲೆ ಕುಡಿತ ಬಿಡುವವರ ಸಭೆ; ಎಲ್ಲರೂ ದುಂಡಗೆ ಕೂತಿದ್ದರು. ಕುರ್ಚಿ ಖಾಲಿಯಿದ್ದರೂ ಇವನು ಅಭ್ಯಾಸಬಲದಿಂದ ಕೂತವರೊಬ್ಬರ ತಲೆಯ ಹಿಂದೆ ಹೋಗಿ ನಿಂತುಬಿಟ್ಟ.

"ಇಲ್ಲೂ ಕಟಿಂಗ್ ಮಾಡ್ತೀಯೇನಪ್ಪಾ? ಕೂತ್ಕೋ," ಎಂದು ಅವರು ತಿರುಗಿ ನೋಡಿ ಹೇಳಿದರು. ಮುಖ ಕಂಡು ಇವನು ಒಂದು ಹೆಜ್ಜೆ ಹಿಂದೆ ಸರಿದ. ಹೋದ ತಿಂಗಳು ಇವನ ನಡುಗುವ ಕೈ ಗಾಯ ಮಾಡಿದ್ದು ಇದೇ ಮೇಷ್ಟ್ರ ಕಿವಿಗೆ. ಆಮೇಲೆ ಅವರು ಅಂಗಡಿ ಕಡೆ ತಲೆ ಹಾಕಿರಲಿಲ್ಲ.

ಓಡಿಹೋಗದೆ ಕೂತ. "ಕುಡೀತೀನಿ ಮೇಷ್ಟ್ರೇ. ಬಿಟ್ಟೇ ಬಿಡ್ತೀನಿ."

ಮೇಷ್ಟ್ರು ಕಿವಿ ಸವರಿಕೊಂಡರು. "ಮುಂದಿನ ವಾರವೂ ನೀನು ಇಲ್ಲಿಗೆ ಬಾ. ಮಾರನೇ ದಿನ ನಾನು ಅಂಗಡಿಗೆ ಬಂದು ಶೇವಿಂಗಿಗೆ ಕತ್ತು ಕೊಡ್ತೀನಿ."