ಚೀಲ ಹೊಲಿಯುವವನ ಹೆಬ್ಬೆರಳು

ಚೀಲ ಹೊಲಿಯುವವನ ತಂದೆ ಹಾವು ಕಚ್ಚಿ ಸತ್ತಾಗ, ತಾಯಿ ಮಗನ ಕೈ ಹಿಡಿದು ಭಾಷೆ ತೆಗೆದುಕೊಂಡಿದ್ದಳು. "ಹಾವಿನದು ಅನ್ನೋದು ಯಾವುದೂ ನಮ್ಮ ಮೈಗೆ ಸೇರಬಾರದು. ಮದ್ದು ಅಂದ್ರೂ ಬೇಡ. ನಿನಗೂ ಬೇಡ, ನನಗೂ ಬೇಡ." ಅವತ್ತು ಯಾರೋ ವಿಷಕ್ಕೆ ವಿಷವೇ ಮದ್ದು ಅಂತ ಪುಡಿ ಕುಡಿಸಿ, ಆಸ್ಪತ್ರೆಗೆ ಹೋಗುವ ಹೊತ್ತನ್ನು ಹಾಳು ಮಾಡಿದ್ದರು. ಮಗ ಹೂಂ ಅಂದಿದ್ದ.

ಈಗ ಆ ಮಗನಿಗೂ ಮಕ್ಕಳಿದ್ದಾರೆ. ಕೆಲವು ತಿಂಗಳ ಹಿಂದೆ, ಚರ್ಮದ ಚೀಲದ ಅಂಗಡಿಯಲ್ಲಿ, ಚರ್ಮ ಒತ್ತುವ ಯಂತ್ರಕ್ಕೆ ಅವನ ಬಲಗೈ ಸಿಕ್ಕಿತು. ಹೆಬ್ಬೆರಳು ಸುಲಿದು ಮೂಳೆ ಕಂಡಿತು. ಡಾಕ್ಟರು ಮುಂಗೈಯ ಚರ್ಮವನ್ನು ರಕ್ತನಾಳದ ಸಮೇತ ತಿರುಗಿಸಿ ಬೆರಳಿಗೆ ಹೊದಿಸಿದರು. ಇದಕ್ಕೆ ಫ್ಲ್ಯಾಪ್ ಅನ್ನುತ್ತಾರೆ. ಅದು ಬದುಕಿದರೆ ಬೆರಳು ಉಳಿಯುತ್ತದೆ. ಸತ್ತರೆ ದಬ್ಬಳ ಹಿಡಿಯುವ ಕೆಲಸ ಅಲ್ಲಿಗೆ ಮುಗಿಯಿತು.

ಮಾರನೇ ದಿನ ಸಿಸ್ಟರ್ ನೋಡುತ್ತಾಳೆ, ಬ್ಯಾಂಡೇಜಿನ ಮೇಲೆ ಸೊಂಟದ ಬೆಲ್ಟು!

"ಇದ್ಯಾರು ಬಿಗಿದಿದ್ದು?"

"ನಾನೇ. ಅಂಟಿಸಿದ ಚರ್ಮಕ್ಕೆ ಭಾರ ಬೀಳದಿದ್ರೆ ಎದ್ದು ಬರುತ್ತೆ ಸಿಸ್ಟರ್. ನಮ್ಮ ಕಸುಬಲ್ವಾ?"

"ಅಯ್ಯೋ ಪುಣ್ಯಾತ್ಮ! ನಿಮ್ಮ ಅಂಗಡೀದು ಸತ್ತ ಚರ್ಮ. ಇದು ಜೀವ ಇರೋದು. ರಕ್ತ ಓಡಾಡೋ ದಾರೀನೇ ಕಟ್ಟಿಬಿಟ್ರಲ್ಲ!"

ಬಿಚ್ಚಿದರೆ ಫ್ಲ್ಯಾಪಿನ ತುದಿ ನೀಲಿಗಟ್ಟಿತ್ತು.

ಡಾಕ್ಟರು ಕಟ್ಟು ಸಡಿಲಿಸಿದರು. ಆಮೇಲೆ ಹೇಳಿದರು: "ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಒಂದು ಇಂಜೆಕ್ಷನ್ ಇದೆ. ಹಾವಿನ ವಿಷದಿಂದ ಬೇರ್ಪಡಿಸಿದ್ದು. ಫ್ಲ್ಯಾಪಿಗೆ ಕೊಡೋದು ಇನ್ನೂ ಪರೀಕ್ಷೆಯ ಹಂತದಲ್ಲಿದೆ. ಖಾತ್ರಿ ಕೊಡಲಾರೆ. ಬೇಡ ಅಂದ್ರೂ ಉಳಿದ ಚಿಕಿತ್ಸೆ ನಿಲ್ಲಲ್ಲ."

ಮಂಚದ ಪಕ್ಕ ಸೊಸೆಯ ಜೊತೆ ಕೂತಿದ್ದ ತಾಯಿ ಎದ್ದು ನಿಂತಳು. "ಗಂಡನ್ನ ನುಂಗಿದ್ದು ಸಾಲದು ಅಂತ ಮಗನಿಗೂ ಚುಚ್ಚಬೇಕಾ?"

"ಅತ್ತೆ, ಸ್ವಲ್ಪ ಕೇಳಿ," ಅಂದಳು ಸೊಸೆ.

"ಪುಡಿ ಕೊಟ್ಟವನ ಮಾತೂ ಕೇಳಿದ್ದೆ ಕಣೇ!"

ಸಿಸ್ಟರ್ ಪಕ್ಕದಲ್ಲಿ ಕೂತಳು. "ಅಮ್ಮಾ, ತೊಂದರೆ ಆಗಬಹುದು ಅಂತ ಅವನು ಹೇಳಿದ್ನಾ?"

"ಇಲ್ಲ. ಖಾತ್ರಿ ವಾಸಿ ಅಂದಿದ್ದ."

"ನಾವು ಹೇಳ್ತಿದ್ದೀವಿ. ರಕ್ತ ಹೆಚ್ಚು ಸೋರಬಹುದು, ಅದಕ್ಕೇ ದಿನಾ ರಕ್ತ ಪರೀಕ್ಷೆ. ವಿಷವನ್ನ ಹಾಗೇ ಕೊಡಲ್ಲ. ಅದರಲ್ಲಿರೋ ನೂರೆಂಟು ಅಂಶಗಳಲ್ಲಿ ಒಂದನ್ನ ಆರಿಸಿ, ಶುದ್ಧ ಮಾಡಿ, ಅಳೆದು ಕೊಡ್ತಾರೆ. ಎಲ್ಲಿ, ನಿಮ್ಮ ಬಿಪಿ ಮಾತ್ರೆ ತೋರಿಸಿ."

ತಾಯಿ ಪರ್ಸಿನಿಂದ ತೆಗೆದುಕೊಟ್ಟಳು. ಸಿಸ್ಟರ್ ಹೆಸರು ಓದಿ ನಕ್ಕಳು. "ಈ ಜಾತಿ ಮಾತ್ರೆ ಮಾಡೋದು ಕಲಿತಿದ್ದೇ ಒಂದು ಹಾವಿನ ವಿಷ ನೋಡಿ."

"ಇಷ್ಟು ವರ್ಷದಿಂದ ನುಂಗ್ತಿದ್ದೀನಲ್ಲೇ!"

"ಅದಕ್ಕೇ ಅಮ್ಮ ಆಗಾಗ ಬುಸ್ ಅನ್ನೋದು," ಅಂದ ಮಗ.

"ಬಾಯಿ ಮುಚ್ಚೋ, ಬೆಲ್ಟು ಬಿಗಿದ ಮಹಾಶಯ!" ಬೈದು, ಮಾತ್ರೆಯನ್ನು ಮತ್ತೆ ಪರ್ಸಿಗೆ ಸೇರಿಸಿ, ಅಂದಳು: "ಸರಿ. ಕೊಡಿ. ದಿನಾ ರಕ್ತ ನೋಡಬೇಕು, ಮರೀಬೇಡಿ."

ಫ್ಲ್ಯಾಪಿನ ತುದಿಯಲ್ಲಿ ಉಗುರಿನಷ್ಟು ಕಪ್ಪಾಗಿ ಉದುರಿತು. ಉಳಿದದ್ದು ಕೂಡಿಕೊಂಡಿತು. ಬೆಲ್ಟು ಬಿಚ್ಚಿದ್ದಕ್ಕೋ, ಇಂಜೆಕ್ಷನ್ನಿಗೋ? "ಒಬ್ಬರನ್ನ ನೋಡಿ ಹೇಳಕ್ಕಾಗಲ್ಲ. ಅದಕ್ಕೇ ಪರೀಕ್ಷೆ ಮಾಡೋದು," ಅಂದರು ಡಾಕ್ಟರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಆಪರೇಷನ್ ಆದ ಕಟ್ಟನ್ನು ನೀವಾಗಿ ಬಿಗಿಯಬೇಡಿ. ಚರ್ಮದ ಬಣ್ಣ ಬದಲಾದರೆ ತಕ್ಷಣ ಸಿಸ್ಟರನ್ನು ಕರೆಯಿರಿ. ರಕ್ತನಾಳ ಕುಗ್ಗಿಸುವ ಬೀಡಿ ಸಿಗರೇಟು ದೂರವಿಡಿ. ಹೊಸ ಮದ್ದು ಅಂದರೆ ಹೆದರಿ ಓಡುವ ಮೊದಲು ಕೇಳಿ: ಇದೇನು, ಏನು ತೊಂದರೆ ಆಗಬಹುದು, ಬೇಡ ಅಂದರೆ ಏನು? ತೊಂದರೆಯೇ ಇಲ್ಲ ಅಂತ ಆಣೆ ಇಟ್ಟು ವಿಷದ ಪುಡಿ, ಎಣ್ಣೆ ಮಾರುವವನನ್ನು ಬಾಗಿಲಿಂದಲೇ ಕಳಿಸಿ.

ಚೀಲ ಹೊಲಿಯುವವನು ಮತ್ತೆ ದಬ್ಬಳ ಹಿಡಿದಿದ್ದಾನೆ. ತಾಯಿ ತೆಗೆದುಕೊಂಡ ಭಾಷೆ ಮುರಿದಿದೆ. ಮೊದಲು ಮುರಿದವಳು ತಾಯಿ, ತನಗೇ ಗೊತ್ತಿಲ್ಲದೆ, ಬಿಪಿ ಮಾತ್ರೆ ನುಂಗಿ.