ಎರಡು ನಿಮಿಷದ ತಮ್ಮ

ನಮ್ಮಲ್ಲಿ ಸೀಟು ಬೇಕಾದರೆ ಬರೀ ಅಂಕ ಸಾಲದು, ಜೊತೆಗೊಂದು ದುಃಖವೂ ಬೇಕು. ಅಪ್ಪ ಕುಡಿದು ಹಾಳಾಗಿರಬೇಕು, ಇಲ್ಲವೇ ಮನೆ ಸುಟ್ಟುಹೋಗಿರಬೇಕು, ಏನೂ ಇಲ್ಲದಿದ್ದರೆ ಸಾಕಿದ ನಾಯಿಗಾದರೂ ಕ್ಯಾನ್ಸರ್ ಬಂದಿರಬೇಕು. ಅದನ್ನು ಗಂಟಲು ಉಬ್ಬಿಸಿಕೊಂಡು ಚೆನ್ನಾಗಿ ಹೇಳಿದವರಿಗೆ ಕಾಲೇಜಿನ ಬಾಗಿಲು ತೆರೆಯುತ್ತದೆ. ನಾವು ಮೆನಾ ಎಂದು ಕರೆಯುವ ನನ್ನ ಅಕ್ಕ ಫಿಲೊಮೆನಾಗೆ ಇದು ತಿಳಿಯದೆ ಎರಡು ಸಲ ಅರ್ಜಿ ಹಾಕಿ ಎರಡು ಸಲವೂ ಸೋತಳು. ಮೂರನೆಯ ಸಲ ಬುದ್ಧಿ ಬಂತು. ಹುಡುಕುತ್ತಿದ್ದ ದುಃಖ ಮನೆಯಲ್ಲೇ ಇದೆ, ತನ್ನ ಎದುರಿನ ಕುರ್ಚಿಯಲ್ಲಿ ಕೂತು ಬ್ರೆಡ್ಡಿಗೆ ಬೆಣ್ಣೆ ಸವರಿಕೊಳ್ಳುತ್ತಿದೆ ಎಂದು ಅವಳಿಗೆ ಹೊಳೆಯಿತು. ಆ ದುಃಖ ನಾನು.

ನನ್ನ ಹೆಸರು ಬೆಲ್ಮಿರೊ. ಬರೆಯುವಾಗ ಹೇಗೆ ಒಂದೇ ಏಟಿಗೆ ಬಂತು ನೋಡಿ. ಬಾಯಲ್ಲಿ ಹೇಳಲು ಹೋದರೆ ಮೊದಲ ಅಕ್ಷರ ತುಟಿಯಲ್ಲೇ ಕಚ್ಚಿಕೊಳ್ಳುತ್ತದೆ, ದವಡೆ ಬಿಗಿಯುತ್ತದೆ, ಕಣ್ಣು ತಾನಾಗಿ ಮುಚ್ಚುತ್ತದೆ. ಕೇಳುತ್ತ ನಿಂತವರು ಅಷ್ಟರಲ್ಲಿ ನನ್ನ ಬೂಟು ನೋಡುತ್ತಾರೆ, ಆಕಾಶ ನೋಡುತ್ತಾರೆ. ನಾನು ಹುಟ್ಟು ಉಗ್ಗ. ನಮ್ಮೂರು ಟುಲೇರಿಯ ಡೈರಿಗಳಿಂದ ಚೀಸ್ ಕಾರ್ಖಾನೆಗೆ ಹಾಲಿನ ಟ್ಯಾಂಕರ್ ಓಡಿಸುತ್ತೇನೆ. ಆ ಕೆಲಸಕ್ಕೆ ಮಾತು ಹೆಚ್ಚು ಬೇಕಿಲ್ಲ. ಹಸುಗಳ ಹತ್ತಿರ ಮಾತಾಡುವಾಗ ನಾನು ಉಗ್ಗುವುದೇ ಇಲ್ಲ, ಆದರೆ ಹಸುಗಳು ಯಾರಿಗೂ ಸಾಕ್ಷಿ ಹೇಳುವುದಿಲ್ಲವಲ್ಲ.

ಮೆನಾಳಿಗೆ ಬೇಕಾಗಿದ್ದದ್ದು ಸ್ಪೀಚ್ ಥೆರಪಿ ಅಸಿಸ್ಟೆಂಟ್ ಕೋರ್ಸಿನ ಸೀಟು. ಮಾತು ಸರಿಯಾಗಿ ಬಾರದ ಮಕ್ಕಳಿಗೆ ಚಿಕಿತ್ಸೆ ಕೊಡುವ ಥೆರಪಿಸ್ಟಿನ ಕೈಕೆಳಗೆ ಕೆಲಸ. ಈಗ ಅವಳು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಮೂಗು ಒರೆಸುತ್ತ, ಊಟದ ಸಾಲು ನಿಲ್ಲಿಸುತ್ತ ಇದ್ದಾಳೆ. ಬೇಸಿಗೆ ರಜಕ್ಕೆ ಮುಂಚೆ ಅಂಥ ಸಹಾಯಕಿಯರನ್ನೆಲ್ಲ ತೆಗೆಯುತ್ತಾರೆ ಎಂದು ಸುದ್ದಿ ಹಬ್ಬಿತ್ತು. ಸೀಟು ಸಿಗದಿದ್ದರೆ ಅಮ್ಮನ ಪಕ್ಕ ನಿಂತು ಚೀಸ್ ಪ್ಯಾಕ್ ಮಾಡಬೇಕು. ಅಮ್ಮನ ಮಣಿಕಟ್ಟು ಆ ಪ್ಯಾಕಿಂಗ್ ಸಾಲಿನಲ್ಲೇ ಹಾಳಾಗಿದ್ದು. ಈಗ ಅವಳಿಗೆ ಜಾಡಿಯ ಮುಚ್ಚಳ ತಿರುಗಿಸಲೂ ಆಗುವುದಿಲ್ಲ. ಆದ್ದರಿಂದ ಮೆನಾಳ ಹಟವನ್ನು ನಾನು ತಪ್ಪು ಅನ್ನುವುದಿಲ್ಲ.

ಹಟವೂ ಅಷ್ಟಿಷ್ಟಲ್ಲ. ಅರ್ಜಿ ಹಾಕುವ ಮೊದಲು ಲೈಸೆನ್ಸ್ ಇರುವ ಥೆರಪಿಸ್ಟ್ ಹೇಗೆ ಕೆಲಸ ಮಾಡುತ್ತಾರೆಂದು ಮೂಲೆಯಲ್ಲಿ ಕೂತು ನೋಡಿ ಅವರಿಂದ ಸಹಿ ಹಾಕಿಸಿಕೊಳ್ಳಬೇಕು. ನಮ್ಮ ಕಡೆ ಮೂರು ಶಾಲೆಗೆ ಒಬ್ಬ ಥೆರಪಿಸ್ಟು, ಆಕೆಗೆ ಕಾರಿನಲ್ಲೇ ಊಟ. ಮೆನಾ ಆಕೆಯ ಕಾರಿನ ಹಿಂದೆ ತನ್ನ ಕಾರು ಓಡಿಸಿಕೊಂಡು ಶಾಲೆಯಿಂದ ಶಾಲೆಗೆ ಅಲೆದು ಸಹಿ ತಂದಳು. ಅಷ್ಟಾದರೂ ಹೋದ ವರ್ಷ ಆಗಲಿಲ್ಲ. ಕಾರಣ ಕೇಳಲು ಫೋನ್ ಮಾಡಿದರೆ ಕೋರ್ಸಿನ ಮೇಡಂ ಬಹಳ ನಯವಾಗಿ, "ಎಲ್ಲಾ ಸರಿಯಾಗಿದೆಯಮ್ಮ. ಆದ್ರೆ ನಿಮ್ಮ ಅರ್ಜೀಲಿ ನಿಮ್ಮ ಕತೆ ಕಾಣ್ತಿಲ್ಲ. ಈ ಕೆಲಸಕ್ಕೆ ನಿಮ್ಮನ್ನ ಎಳ್ಕೊಂಡ್ ಬಂದಿದ್ದು ಏನು?" ಎಂದು ಕೇಳಿದ್ದರಂತೆ. ಈ ವರ್ಷದಿಂದ ಆ ಕತೆಯನ್ನು ಎರಡು ನಿಮಿಷದ ವಿಡಿಯೊ ಮಾಡಿ ಕಳಿಸಬೇಕೆಂಬ ಹೊಸ ನಿಯಮ ಬೇರೆ ಬಂತು.

"ಬೆಲ್, ನೀನು ಮಾತಾಡ್ತೀಯಾ ಅದ್ರಲ್ಲಿ?" ಎಂದಳು ಮೆನಾ.

ನಾನು ಬೆಣ್ಣೆ ಚಾಕು ಕೆಳಗಿಟ್ಟೆ. "ನಾ... ನಾ..."

"ನಾನಾ ಅಂತಾನೆ. ನೀನೇ ಕಣೋ, ಮತ್ತಿನ್ಯಾರು!"

ನಾನು ಕೇಳಲು ಹೊರಟದ್ದು 'ನಾನು ಏನು ಬೇಕಾದರೂ ಹೇಳಬಹುದಾ' ಎಂದು. ಅಕ್ಕ ನನ್ನ ಮಾತನ್ನು ಮುಗಿಸಿಕೊಡುವುದು ಹೀಗೆಯೇ, ಚಿಕ್ಕಂದಿನಿಂದಲೂ. ಅಂಗಡಿಯಲ್ಲಿ ನಾನು ಬಾಯಿ ತೆರೆದರೆ ಅವಳೇ ಬರ್ಗರ್ ಹೇಳುತ್ತಿದ್ದಳು. ಪಾದ್ರಿಗಳ ಮುಂದೆ ನನ್ನ ಪಾಪವನ್ನೂ ಅವಳೇ ಹೇಳಲು ಬಂದಿದ್ದಳು, ಪಾದ್ರಿಗಳೇ ಗದರಿಸಿ ಹೊರಗೆ ಕಳಿಸಿದರು. ನನ್ನನ್ನು ಅಣಕಿಸಿದ ಹುಡುಗರ ತಲೆಗೆ ಊಟದ ಡಬ್ಬಿಯಿಂದ ಹೊಡೆದವಳೂ ಅವಳೇ. ಪ್ರೀತಿಗೆ ಕೊರತೆ ಇರಲಿಲ್ಲ. ಆದರೆ ನನಗೆ ಸೋಮವಾರ ಹೇಳಬೇಕಿದ್ದದ್ದು ಅವಳ ಬಾಯಲ್ಲಿ ಶುಕ್ರವಾರವಾಗಿ, ಬೇಡ ಎನ್ನಬೇಕಿದ್ದದ್ದು ಬೇಕಾಗಿ ಹೋಗುತ್ತಿತ್ತು. ತಿದ್ದಲು ಮತ್ತೆ ಬಾಯಿ ತೆರೆಯಬೇಕಲ್ಲ ಎಂದು ನಾನು ಹಾಗೇ ಬಿಟ್ಟುಬಿಡುತ್ತಿದ್ದೆ. ನನಗೆ ಇಷ್ಟವೆಂದು ಮನೆಯವರೆಲ್ಲ ನಂಬಿರುವ ಅರ್ಧ ತಿಂಡಿ ನನಗೆ ಸೇರುವುದೇ ಇಲ್ಲ.

ಈ ಸಲ ಬಿಡಲಿಲ್ಲ. ಎರಡು ಷರತ್ತು ಹಾಕಿದೆ. ಹೇಳಲು ಎಷ್ಟು ಹೊತ್ತಾಯಿತೋ, ಹೇಳಿಯೇ ತೀರಿದೆ. "ನೀ... ನೀನು ಹೊ... ಹೊರಗಿರ್ಬೇಕು. ನಾ ಹೇಳಿದ್ದು ಹಾಗ್... ಹಾಗೇ ಇರ್ಬೇಕು."

"ದೇವರಾಣೆಗೂ. ಒಂದಕ್ಷರ ಮುಟ್ಟಲ್ಲ. ನಾನೇನು ನಿನ್ನ ತಿಂದ್ಕೊಂಡುಬಿಡ್ತೀನಾ!" ಎಂದು ಮೆನಾ ನಕ್ಕಳು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಚಾಲೂ ಮಾಡಿ, ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋದಳು.

ಎಷ್ಟೋ ವರ್ಷಗಳ ಮೇಲೆ ನನ್ನೆದುರು ಅವಸರವಿಲ್ಲದ ಕಿವಿಯೊಂದು ಇತ್ತು. ನನ್ನ ಹೆಸರೇ ಬಹಳ ಹೊತ್ತು ಹಿಡಿಯಿತು. ಆಮೇಲೆ ಮಿಸೆಸ್ ಹಗೋಪಿಯನ್ ಬಗ್ಗೆ ಹೇಳಿದೆ. ಎರಡನೇ ಕ್ಲಾಸಿನಲ್ಲಿ ಕ್ಯಾಂಟೀನ್ ಪಕ್ಕದ ಉಗ್ರಾಣದಲ್ಲಿ, ಕೆಚಪ್ ಡಬ್ಬಗಳ ನಡುವೆ, ನನಗೆ ಥೆರಪಿ ನಡೆಯುತ್ತಿತ್ತು. ದೊಡ್ಡ ಥೆರಪಿಸ್ಟು ಚಿತ್ರದ ಕಾರ್ಡು ತೋರಿಸಿ, ಉಸಿರು ತಗೋ, ನಿಧಾನ ಎಂದು ಗಡಿಯಾರ ನೋಡುತ್ತಿದ್ದರು. ಆ ವರ್ಷ ಅವರಿಗೆ ಸಹಾಯಕಿಯಾಗಿ ಹಗೋಪಿಯನ್ ಬಂದರು. ಕಾರ್ಡು ಪಕ್ಕಕ್ಕಿಟ್ಟು ನಿಮ್ಮನೇಲಿ ಏನು ವಿಶೇಷ ಎಂದರು. ಹಿಂಗಾಲು ಮುಂದಾಗಿ ಹುಟ್ಟಿದ ಕರುವಿನ ಕತೆ ಹೇಳತೊಡಗಿದೆ. ಗಂಟೆ ಹೊಡೆಯಿತು, ಅವರು ಏಳಲಿಲ್ಲ. ಯಾರೋ ಬಾಗಿಲು ಬಡಿದರು, ಆಗಲೂ ಏಳಲಿಲ್ಲ. ಕರು ಎದ್ದು ನಿಂತು ಹಾಲು ಕುಡಿಯುವ ತನಕ ಕೂತಿದ್ದರು. ಅವರು ನನ್ನ ಉಗ್ಗನ್ನೇನೂ ವಾಸಿಮಾಡಲಿಲ್ಲ. ಆದರೆ ಒಂದು ಕತೆಯನ್ನು ಕೊನೆಯವರೆಗೆ ಹೇಳಿದ ಹುಡುಗನಾಗಿ ನಾನು ಮನೆಗೆ ಹೋದೆ.

ಕಡೆಯಲ್ಲಿ ಇಷ್ಟು ಹೇಳಿದೆ: "ನನ್ನ ಅಕ್ಕನಿಗೆ ಸೀಟು ಕೊಡಿ. ಅವಳಂಥ ಚುರುಕಿನವಳು ನಿಮಗೆ ಸಿಗಲ್ಲ. ಆದ್ರೆ ಮೊದಲು ಅವಳಿಗೆ ಸುಮ್ಮನೆ ಕೂರೋದನ್ನ ಕಲಿಸಿ. ಇವತ್ತಿನವರೆಗೆ ನನ್ನ ಒಂದು ಮಾತನ್ನೂ ಅವಳು ಪೂರ್ತಿ ಕೇಳಿಲ್ಲ." ಇಲ್ಲಿ ಬರೆದಷ್ಟು ಸಲೀಸಾಗಿ ಬರಲಿಲ್ಲ, ಆದರೆ ಬಂತು. ಬೆವತು ಹೋಗಿದ್ದೆ. ಎರಡು ನಿಮಿಷ ಯಾವಾಗಲೋ ದಾಟಿತ್ತು.

ಮೆನಾ ಬಟ್ಟೆಬುಟ್ಟಿ ಹೊತ್ತು ಒಳಗೆ ಬಂದಾಗ, ಉದ್ದ ಆಯ್ತು ಎಂದು ಕೈಯಲ್ಲಿ ತೋರಿಸಿದೆ. "ಪರವಾಗಿಲ್ಲ ಬಿಡು, ನಾನು ನೋಡ್ಕೋತೀನಿ," ಎಂದಳು. ಮೇಡಂಗೆ ಹೇಳಿ ಹೆಚ್ಚು ಸಮಯ ಕೇಳುತ್ತಾಳೆ ಎಂದುಕೊಂಡೆ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ. ಅಂದು ಟ್ಯಾಂಕರ್ ತೊಳೆಯುತ್ತ ಶಿಳ್ಳೆ ಬೇರೆ ಹಾಕಿದೆ.

ಸೀಟು ಸಿಕ್ಕಿತು. ಮೇಡಂ ತಾವೇ ಫೋನ್ ಮಾಡಿ, ವಿಡಿಯೊ ನೋಡಿ ಸಮಿತಿಯವರೆಲ್ಲ ಅತ್ತರು ಎಂದರಂತೆ. ಅಮ್ಮ ಊರಿಗೆಲ್ಲ ಸಾರಿದಳು. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ನೆಂಟರು ನಮ್ಮ ಮನೆಗೆ ಬಂದರು. ದೊಡ್ಡ ಹಂಡೆಯಲ್ಲಿ ಬ್ರೆಡ್ಡಿನ ಮೇಲೆ ಸುರಿಯುವ ಮಾಂಸದ ಸಾರು ಕುದಿಯುತ್ತಿತ್ತು. ನಾವು ವಾವೊ ಎಂದು ಕರೆಯುವ ಅಜ್ಜಿ, ಮೆನಾಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಅವಳ ಕೈ ಸವರುತ್ತಿದ್ದಳು. ನಾನು ಹೊಸ ಅಂಗಿ ಹಾಕಿದ್ದೆ. ಸಮಿತಿಯವರನ್ನು ಅಳಿಸಿದ್ದು ಆ ಕರುವಿನ ಕತೆಯೇ ಇರಬೇಕೆಂದು ಒಳಗೊಳಗೇ ಹಿಗ್ಗುತ್ತಿದ್ದೆ.

"ಆ ವಿಡಿಯೊ ಹಾಕೇ, ನಾವೂ ಒಸಿ ಅಳೋಣ," ಎಂದ ಸೆರಾಫಿಮ್ ಮಾವ.

"ಬೇಡ ಮಾವ, ಊಟ ಆರುತ್ತೆ," ಎಂದಳು ಮೆನಾ. ಅವಳು ನನ್ನ ಕಡೆ ನೋಡಲಿಲ್ಲ.

"ಊಟ ಎಲ್ಲಿ ಓಡೋಗುತ್ತೆ? ಹಾಕು ಅಂದ್ರೆ!" ಎಂದು ಅಮ್ಮನೇ ಫೋನ್ ಕಿತ್ತುಕೊಂಡು ಮಾವನಿಗೆ ಕೊಟ್ಟಳು. ಮಾವ ಅದನ್ನು ಟಿವಿಗೆ ಜೋಡಿಸಿದ.

ಟಿವಿಯಲ್ಲಿ ನನ್ನ ಮುಖ ಗೋಡೆಯಷ್ಟಾಯಿತು. 'ಬೆ' ಎಂಬಲ್ಲಿ ಬಾಯಿ ಕಚ್ಚಿಕೊಂಡಿತ್ತು. ದವಡೆ ನಡುಗುತ್ತಿತ್ತು, ಕತ್ತಿನ ನರ ಉಬ್ಬಿತ್ತು, ಕಣ್ಣು ಮುಚ್ಚಿತ್ತು. ಹಿನ್ನೆಲೆಯಲ್ಲಿ ಪಿಯಾನೊ ನುಡಿಯುತ್ತಿತ್ತು. ಬೆ, ಬೆ, ಬೆ. ಹೆಸರು ಹೊರಗೆ ಬರುವ ಮೊದಲೇ ತೆರೆ ಕಪ್ಪಾಯಿತು. ಆಮೇಲೆ ಮೆನಾ ಬಂದಳು. ಕೂದಲು ಬಾಚಿಕೊಂಡು, ತಗ್ಗಿದ ದನಿಯಲ್ಲಿ, "ಇವನು ನನ್ನ ತಮ್ಮ. ತನ್ನ ಹೆಸರನ್ನೂ ಹೇಳಲಾರ. ಚಿಕ್ಕಂದಿನಿಂದ ಇವನ ಬಾಯಿ ನಾನೇ. ಬಾಯಿಲ್ಲದ ಎಲ್ಲ ಮಕ್ಕಳಿಗೂ ಬಾಯಾಗಬೇಕು ಅನ್ನೋದೇ ನನ್ನಾಸೆ," ಎಂದಳು. ಮತ್ತೆ ನನ್ನ ಮುಖ. ಪಿಯಾನೊ. ಮುಗಿಯಿತು.

ಹಗೋಪಿಯನ್ ಇಲ್ಲ, ಕರು ಇಲ್ಲ, ನನ್ನ ಒಂದು ಪದವೂ ಇಲ್ಲ.

ವಾವೊ ಬಿಕ್ಕುತ್ತಿದ್ದಳು. ಅಮ್ಮ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಸೆರಾಫಿಮ್ ಮಾವ ಮೂಗು ಒರೆಸಿಕೊಂಡು ನನ್ನ ಬೆನ್ನಿಗೊಂದು ಬಿಟ್ಟ. "ಭೇಷ್ ಕಣೋ! ಒಂದ್ ಮಾತೂ ಆಡ್ದೆ ಅಕ್ಕಂಗೆ ಸೀಟ್ ಕೊಡಿಸ್ಬಿಟ್ಯಲ್ಲೋ!"

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತೆ. ಎಲ್ಲರೂ ನನ್ನತ್ತ ತಿರುಗಿದರು. ಇಷ್ಟು ಜನ ನನ್ನ ಬಾಯಿಂದ ಏನೋ ಬರಲೆಂದು ಕಾದದ್ದು ಅದೇ ಮೊದಲು. "ನಾ... ನಾನು ಹೇ... ಹೇಳಿದ್ದು..."

"ಅವನಿಗೂ ತುಂಬಾ ಖುಷಿಯಾಗಿದೆ ಅಂತಿದಾನೆ," ಎಂದಳು ಮೆನಾ.

ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಹಿತ್ತಲಿಗೆ ಬಂದುಬಿಟ್ಟೆ. ಸ್ವಲ್ಪ ಹೊತ್ತಿಗೆ ಮೆನಾ ಬಂದಳು, ಕೈಯಲ್ಲಿ ದಾಲ್ಚಿನ್ನಿ ಉದುರಿಸಿದ ಅಕ್ಕಿ ಪಾಯಸದ ಬಟ್ಟಲು. ಅದೂ ನನಗೆ ಸೇರದ ತಿಂಡಿಯೇ.

"ಕೋಪ ಮಾಡ್ಕೋಬೇಡ್ವೋ. ಎರಡೇ ನಿಮಿಷ ಕೊಟ್ಟಿದ್ರು. ನಿನ್ನದು ಎಷ್ಟುದ್ದ ಇತ್ತು ಗೊತ್ತಾ? ಇಡೀದನ್ನ ಕಳಿಸಿದ್ರೆ ನೋಡದೇನೇ ಎಸೆದಿರೋರು." ಅವಳ ಕಣ್ಣು ತುಂಬಿತ್ತು, ನಾಟಕವಲ್ಲ. "ಅಮ್ಮನ ಕೈ ನೋಡಿದೀಯಲ್ಲ ನೀನು. ನಾನೂ ಆ ಸಾಲಲ್ಲಿ ನಿಲ್ಬೇಕಿತ್ತಾ?"

ಬೇಡ ಎಂದು ತಲೆಯಾಡಿಸಿದೆ. ನಿಜವಾಗಿಯೂ ಬೇಡವಾಗಿತ್ತು. ಆಮೇಲೆ ಬಹಳ ಕಷ್ಟಪಟ್ಟು, "ಪೂ... ಪೂರ್ತಿ ನೋ... ನೋಡಿದ್ಯಾ?" ಎಂದೆ. ಪುಣ್ಯಕ್ಕೆ ಅಷ್ಟನ್ನು ಅವಳು ಹೇಳಗೊಟ್ಟಳು.

ಮೆನಾ ಬಟ್ಟಲಿನಲ್ಲಿ ಚಮಚ ತಿರುವಿದಳು. "ಸುಳ್ಳು ಯಾಕೆ ಹೇಳ್ಲಿ. ಶುರುನಲ್ಲೇ ನಂಗೆ ಬೇಕಾಗಿದ್ದು ಸಿಕ್ತು. ಮುಂದಕ್ಕೆ ನೋಡೋಕೆ ಟೈಮಾಗ್ಲಿಲ್ಲ. ಕಳಿಸಿದ್ಮೇಲೆ ಫೋನ್ ತುಂಬಿತ್ತು ಅಂತ ಅಳಿಸಿಬಿಟ್ಟೆ."

ನಾನು ಮಾತಾಡದೆ ನಿಂತರೆ ಅವಳಿಗೆ ಭಯ. "ಈಗ ಹೇಳು. ಏನಂದಿದ್ದೆ ಅದ್ರಲ್ಲಿ? ಕೇಳ್ತೀನಿ ಕಣೋ, ಸತ್ಯವಾಗ್ಲೂ," ಎಂದು ನನ್ನೆದುರು ಮೆಟ್ಟಿಲ ಮೇಲೆ ಕೂತಳು.

ನಾನು ಶುರುಮಾಡಿದೆ. "ನ... ನನ್ನ ಅ... ಅ..."

ಅವಳು ಕಾದಳು. ತುಟಿ ಕಚ್ಚಿ ಹಿಡಿದು ಕಾದಳು. ಒಳಗಿನಿಂದ ಅಮ್ಮ, "ಮೆನಾ, ಬಾರೇ! ಫೋಟೊಗೆ ಎಲ್ರೂ ನಿಂತಿದಾರೆ!" ಎಂದು ಕೂಗಿದಳು. ಮೆನಾಳ ಕಣ್ಣು ಬಾಗಿಲಿಗೆ ಹೋಗಿ ಬಂತು.

"'ನನ್ನ ಅಕ್ಕನಿಗೆ ಸೀಟು ಕೊಡಿ' ಅಂತ ತಾನೇ?" ಎಂದಳು.

ಅರ್ಧ ಸರಿಯಾಗಿತ್ತು. ಅಷ್ಟಕ್ಕೆ ನಾನು ತಲೆಯಾಡಿಸಿದೆ.

ಅವಳ ಮುಖ ಅರಳಿತು. "ನಂಗೊತ್ತಿತ್ತು!" ಎಂದು ನನ್ನ ಕೆನ್ನೆಗೆ ಮುತ್ತು ಕೊಟ್ಟು, ಬಟ್ಟಲನ್ನು ನನ್ನ ಕೈಗಿಟ್ಟಳು. ಉಳಿದರ್ಧದ ಮೊದಲ ಅಕ್ಷರ ನನ್ನ ತುಟಿಗೆ ಬರುವಷ್ಟರಲ್ಲಿ ಅವಳು ಬಾಗಿಲು ದಾಟಿ ಒಳಗೆ ಹೋಗಿದ್ದಳು.