ಇದು ಪರೀಕ್ಷೆ, ತಲುಪಿದರೆ ತಿಳಿಸು

ಸತ್ತವನ ತಲೆದಿಂಬಿನ ಕೆಳಗೆ ಮೊಣಕೈವರೆಗೆ ಕೈ ತೂರಿಸಿದ್ದ ಮ್ಯಾನೇಜರು, ಹಿಂದಿನಿಂದ ಯಾರೋ ಕೆಮ್ಮಿದ್ದು ಕೇಳಿ ಹಾಗೆಯೇ ಕಲ್ಲಾದರು. ಕೆಮ್ಮಿದ್ದು ಸತ್ತವನ ಅಕ್ಕ. ಆಕೆಯ ಕೆಮ್ಮಿಗೆ ಬೀದಿಯ ಆ ತುದಿಯಲ್ಲಿ ಬಸ್ಸುಗಳು ಬ್ರೇಕು ಹಾಕಿದ್ದುಂಟು.

"ಏನು ಕಳಕೊಂಡ್ರಿ ಅಲ್ಲಿ?"

"ಏನಿಲ್ಲಮ್ಮ, ದಿಂಬು ಸ್ವಲ್ಪ ಓರೆಯಾಗಿತ್ತು. ಸರಿ ಮಾಡ್ತಿದ್ದೆ."

"ಮಾಡಿ, ಮಾಡಿ. ಇದ್ದಾಗ ಅವನ ಕತ್ತು ಬಗ್ಗಿಸಿದ್ರಿ, ಈಗ ದಿಂಬಾದ್ರೂ ನೆಟ್ಟಗಾಗಲಿ."

ಮ್ಯಾನೇಜರು ತಂದಿದ್ದ ಹೂಚಕ್ರ ಲಾರಿಯ ಗಾಲಿಯಷ್ಟಿತ್ತು. ಅದನ್ನು ಒಳಗೆ ತರಲು ಬಾಗಿಲ ಚೌಕಟ್ಟನ್ನೇ ಕಿತ್ತು ಹಾಕುವ ಮಾತು ಬಂದಿತ್ತು. ಅದರ ಮೇಲೆ ಕಂಪನಿಯ ಹೆಸರು ಹಾದಿಯಲ್ಲಿ ಹೋಗುವವರಿಗೆಲ್ಲ ಕಾಣುವಂತಿತ್ತು. ಸತ್ತವನ ಹೆಸರನ್ನು ಓದಲು ಕನ್ನಡಕ ಬೇಕಿತ್ತು. ಹೆಸರಿನ ಹಂಗೇನೂ ಇರಲಿಲ್ಲ ಬಿಡಿ, ಆಫೀಸಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಅಂಚೆ ಮಾಸ್ತರ ಎಂದೇ.

ಅದು ಕಿಟಕಿ ಬಾಗಿಲುಗಳಿಗೆ ಗಾಜು ಕತ್ತರಿಸಿ ಕೊಡುವ ಕಂಪನಿ. ಬೆಳಗಿನಿಂದ ಅಲ್ಲಿ ಒಂದು ಮೇಲ್ ಹೋಗುತ್ತಿಲ್ಲ, ಒಂದು ಮೇಲ್ ಬರುತ್ತಿಲ್ಲ. ಯಾರ ಮನೆಯ ಗಾಜು ಯಾವ ಅಳತೆಯದು ಎಂದು ಹೇಳಬೇಕಾದ ಡೇಟಾಬೇಸು ಬಾಯಿಗೆ ಬೀಗ ಜಡಿದುಕೊಂಡಿದೆ. ಲೋಕದ ಅರ್ಧ ಮನೆಗಳಿಗೆ ಸಾಕಾಗುವಷ್ಟು ಗಾಜು ಹೊತ್ತ ಲಾರಿಗಳು ದಾರಿ ತಿಳಿಯದೆ ಗೇಟಿನಲ್ಲೇ ನಿಂತಿವೆ. ಪಾಸ್‌ವರ್ಡ್ ಬರೆದ ಚೀಟಿ ಎಲ್ಲಾದರೂ ಸಿಕ್ಕೀತೆಂದು ಮ್ಯಾನೇಜರು ಹೆಣದ ದಿಂಬಿನವರೆಗೂ ಬಂದಿದ್ದರು.

"ಪಾಸ್‌ವರ್ಡ್ ನನ್ನ ಹತ್ರ ಇದೆ ಸಾರ್," ಎಂದಳು ಗೋಡೆಗೊರಗಿ ನಿಂತಿದ್ದ ಸಹೋದ್ಯೋಗಿ. ಅಂಚೆ ಮಾಸ್ತರನ ಎದುರು ಮೇಜಿನಲ್ಲಿ ಕೂತು ಅವನ ಕೆಲಸವನ್ನೆಲ್ಲ ಕಲಿತವಳು ಅವಳು.

"ಮೊದಲೇ ಹೇಳೋದಕ್ಕೇನಾಗಿತ್ತು?"

"ನೀವು ಕೇಳಲಿಲ್ಲ. ಸೀದಾ ಅವರನ್ನೇ ಕೇಳೋಕೆ ಹೋದ್ರಿ."

*

ಮೇಲ್, ಡೇಟಾಬೇಸ್ ಎರಡನ್ನೂ ಹೊತ್ತ ಆ ಸರ್ವರ್ ಮೆಷಿನ್ನನ್ನು ಅಂಚೆ ಮಾಸ್ತರ ಕಟ್ಟಿದ್ದು ಪೊರಕೆ, ಬಕೆಟ್ಟುಗಳನ್ನಿಡುವ ಕೋಣೆಯಲ್ಲಿ. ಕೋಣೆ ಎಷ್ಟು ಇಕ್ಕಟ್ಟೆಂದರೆ, ಒಳಗೆ ಹೋದವನು ನಿಟ್ಟುಸಿರು ಬಿಡಬೇಕಾದರೆ ಹೊರಗೆ ಬಂದು ಬಿಡಬೇಕಿತ್ತು. ಅವನು ಕೇಳಿದ್ದು ಎರಡು ಮೆಷಿನ್: ಮೇಲ್‌ಗೊಂದು, ಡೇಟಾಬೇಸ್‌ಗೊಂದು.

"ಒಂದೇ ಬಾಯಲ್ಲಿ ಊಟನೂ ಮಾಡ್ತೀಯ, ಮಾತೂ ಆಡ್ತೀಯ," ಎಂದಿದ್ದರು ಮ್ಯಾನೇಜರು. "ಒಂದೇ ಮೆಷಿನ್ ಸಾಕು."

ಒಂದರಲ್ಲೇ, ಮೆಷಿನ್ ನಡೆಸುವ ಲಿನಕ್ಸ್ ತಂತ್ರಾಂಶ ಹಾಕಿದ. ಡೇಟಾಬೇಸ್ ಕೂರಿಸಿದ, ಆಮೇಲೆ ಮೇಲ್. ಯಾರ ಯಾರ ವಿಳಾಸಗಳಿವೆ ಎಂದು ಮೇಲ್ ಡೇಟಾಬೇಸನ್ನು ಕೇಳಿ ತಿಳಿಯುವಂತೆ ಎರಡಕ್ಕೂ ಗಂಟು ಹಾಕಿದ. ಮೆಷಿನ್ನಿಗೆ ಜ್ವರ ಬರಲಿ, ನೆಗಡಿಯಾಗಲಿ, ಅದು ತನಗೇ ಬರೆದು ತಿಳಿಸಬೇಕೆಂದು ಕಟ್ಟಳೆ ಮಾಡಿದ.

ವಿಳಾಸ ತಪ್ಪಿ ಬಂದ ಮೇಲನ್ನು ಹಿಂದಿರುಗಿಸುವಾಗ ಸರ್ವರ್ ಒಂದು ಒರಟು ಇಂಗ್ಲಿಷ್ ಸಾಲು ಒಗೆಯುತ್ತಿತ್ತು. ಅವನಿಗೆ ಅದು ಹಿಡಿಸಲಿಲ್ಲ. "ಇಲ್ಲ ಅನ್ನೋದನ್ನ ಹೀಗಾ ಹೇಳೋದು?" ಎಂದು ತಾನೇ ಕನ್ನಡದಲ್ಲಿ ಬರೆಯಲು ಕೂತ. ಸರ್ವರ್ ಕಟ್ಟಲು ಹಿಡಿದದ್ದಕ್ಕಿಂತ ಆ ನಾಲ್ಕು ಮಾತಿಗೆ ಹಿಡಿದ ಕಾಲವೇ ಹೆಚ್ಚು. ಊಟದ ತಟ್ಟೆಯ ಮುಂದೆ ಹೆಂಡತಿಗೆ ಓದಿ ಹೇಳುತ್ತಿದ್ದ, ತಿದ್ದುತ್ತಿದ್ದ, ಅನ್ನ ತಣ್ಣಗಾಗುತ್ತಿತ್ತು. ಕೊನೆಗೆ ಅಂಚೆ ಮಾಸ್ತರ ಎಂದು ಸಹಿ ಹಾಕಿದ. ಆ ಹೆಸರು ಅಂಟಿಕೊಂಡದ್ದು ಹಾಗೆ.

ಮೊತ್ತಮೊದಲ ಮೇಲನ್ನು ಕಳಿಸಿದ್ದು ಆಗ ಶಾಲೆಯಲ್ಲಿದ್ದ ಮಗಳಿಗೆ. "ಇದು ಪರೀಕ್ಷೆ. ತಲುಪಿದರೆ ತಿಳಿಸು." ಆಕೆ ಫೋನು ಮಾಡಿ, "ಅಪ್ಪಾ, ಬಂತಪ್ಪಾ," ಎಂದಳು. ಅವನು ಕೂಗಿದ ಕೂಗಿಗೆ ಗೋದಾಮಿನಲ್ಲಿದ್ದ ಗಾಜುಗಳೆಲ್ಲ ಇನ್ನೂ ಝುಂ ಎನ್ನುತ್ತಿವೆ.

*

ಸಹೋದ್ಯೋಗಿ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದಳು. ಒಂದು ನಿಮಿಷ ನೋಡಿದವಳೇ ಕೇಳಿದಳು: "ಇವರ ಅಕೌಂಟ್ ಯಾರು ತೆಗೆದುಹಾಕಿದ್ದು?"

"ನಾನೇ, ಬೆಳಿಗ್ಗೆ ಸಿಬ್ಬಂದಿ ಪಟ್ಟಿಯಿಂದ ತೆಗೆಸಿದೆ," ಎಂದರು ಮ್ಯಾನೇಜರು. "ತೀರಿಕೊಂಡವರದ್ದನ್ನ ಇಟ್ಟುಕೋಬಾರದು. ನಿಯಮ."

"ಹೆಣ ಇನ್ನೂ ಹೊಸ್ತಿಲು ದಾಟಿಲ್ಲ," ಎಂದಳು ಅಕ್ಕ.

"ಮೆಷಿನ್ ತನ್ನ ಕಷ್ಟ ಎಲ್ಲ ಇವರಿಗೇ ಬರೆಯೋದು ಸಾರ್. ಇವರಿಲ್ಲ ಅಂತ ಅದು ವಾಪಸ್ ಬಂತು. ವಾಪಸ್ ಬಂತು ಅನ್ನೋ ದೂರನ್ನೂ ಇವರಿಗೇ ಬರೀತು. ಅದೂ ವಾಪಸ್. ಬೆಳಗಿನಿಂದ ಇದೇ ನಡೆದಿದೆ. ಡಿಸ್ಕ್ ತುಂಬಿ ಹೋಗಿದೆ, ಡೇಟಾಬೇಸ್‌ಗೆ ಒಂದಕ್ಷರ ಬರೆಯೋಕೂ ಜಾಗ ಇಲ್ಲ."

ಮೆಷಿನ್ ಅತ್ತಂಥ ಅಳನ್ನು ಆ ದಿನ ಸಾವಿನ ಮನೆಯಲ್ಲೂ ಯಾರೂ ಅತ್ತಿರಲಿಲ್ಲ.

"ಸರಿ, ದೂರೆಲ್ಲ ನನ್ನ ಹೆಸರಿಗೆ ಬರೋ ಹಾಗೆ ಮಾಡು."

"ಮಾಡ್ತೀನಿ. ಭಾನುವಾರನೂ ಬರುತ್ತೆ, ಹಬ್ಬದ ದಿನನೂ ಬರುತ್ತೆ."

ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ನಿನ್ನ ಹೆಸರಿಗೇ ಹಾಕ್ಕೋ."

ಅವಳು ತುಂಬಿದ್ದನ್ನು ಖಾಲಿ ಮಾಡುತ್ತಿದ್ದಾಗ ಮಗಳು ಒಂದು ಲೋಟ ನೀರು ತಂದಿಟ್ಟಳು. ಸಹೋದ್ಯೋಗಿ ತಲೆಯೆತ್ತಿದಳು. "ನಿಮಗೇ ಅಲ್ವಾ ಅವರು ಪರೀಕ್ಷೆ ಮೇಲ್ ಕಳಿಸ್ತಿದ್ದದ್ದು?"

"ಈಗಲೂ ಬರ್ತಿತ್ತು. ಆ ಮೆಷಿನ್‌ದು ಮುಗಿಯದ ಪರೀಕ್ಷೆ."

"ಮೆಷಿನ್‌ಗೆ ಏನೂ ಆಗಿರ್ಲಿಲ್ಲ ಕಣ್ರೀ. ಮೇಲ್ ಚೆನ್ನಾಗೇ ಹೋಗ್ತಿತ್ತು, ಇನ್ನು ಯಾಕೆ ಪರೀಕ್ಷೆ ಅಂತ ನಾನೇ ಕೇಳಿದ್ದೆ. 'ಇನ್ನೊಂದು ಸಲ ನೋಡೋಣ' ಅನ್ನೋರು. ಕಳಿಸಿ, ಚಹಾ ತಣ್ಣಗಾಗೋವರೆಗೂ ಪರದೆ ನೋಡ್ತಾ ಕೂತಿರೋರು."

ಮಗಳ ಕೈ ಲೋಟದ ಮೇಲೇ ಉಳಿಯಿತು.

*

ಮಗಳ ಮದುವೆಯ ದಿನ, ಗಂಡು ಹೆಣ್ಣು ಇನ್ನೇನು ಸಹಿ ಹಾಕಬೇಕು, ಅಪ್ಪನ ಫೋನು ಗುಂಯ್‌ಗುಟ್ಟಿತು. ಡೇಟಾಬೇಸ್ ಕುಸಿದಿತ್ತು. "ಈಗ ಬಂದೆ," ಎಂದು ಹೋದವನು ಬರುವಾಗ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು.

"ನಿಮಗೆ ಮಗಳು ಅಂತಿದ್ರೆ ಆ ಮೆಷಿನ್ನೇ," ಎಂದಿದ್ದಳು. "ನನಗೆ ಇನ್ನು ಫೋನ್ ಮಾಡಬೇಡಿ."

ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದರಲ್ಲಿ ಅವನನ್ನು ಮೀರಿಸುವ ಪ್ರಾಣಿ ಭೂಮಿಯ ಮೇಲೆ ಹುಟ್ಟಿರಲಿಲ್ಲ. ಫೋನು ಮಾಡಲಿಲ್ಲ. ಪರೀಕ್ಷೆಗಳು ಬರತೊಡಗಿದವು. ಮೊದಮೊದಲು ಅಳಿಸಿದಳು. ಆಮೇಲೆ ಕೈನೋವೇಕೆಂದು, ಅಪ್ಪನಿಂದ ಬಂದದ್ದೆಲ್ಲ ತಾನಾಗಿಯೇ ಮೇಲ್‌ಪೆಟ್ಟಿಗೆಯ ಒಂದು ಮೂಲೆಗೆ ಹೋಗಿ ಬೀಳುವಂತೆ ಮಾಡಿದಳು. ಹಾಗೆ ಮಾಡುವುದನ್ನು ಚಿಕ್ಕಂದಿನಲ್ಲಿ ಅವನೇ ಅವಳಿಗೆ ಕಲಿಸಿದ್ದ.

*

ಮಗಳು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಆ ಮೂಲೆಯನ್ನು ತೆರೆದಳು. ಬೆರಳು ಸವೆಯುವಷ್ಟು ಸರಿಸಿದರೂ ತಳ ಸಿಗಲಿಲ್ಲ. ಎಲ್ಲದರಲ್ಲೂ ಅದೇ ಮಾತು. ಒಂದರಲ್ಲಾದರೂ ಒಂದು ಮಾತು ಹೆಚ್ಚು ಇದ್ದೀತೆಂದು ಹುಡುಕಿದಳು. ಇರಲಿಲ್ಲ.

ಹೊರಗೆ ಬಂದವಳು ನೇರ ಮ್ಯಾನೇಜರ ಮುಂದೆ ನಿಂತಳು. "ಅಪ್ಪನ ಅಕೌಂಟ್ ಮತ್ತೆ ಸ್ವಲ್ಪ ಹೊತ್ತು ತೆರೆದಿಡಿ. ಅಪ್ಪ ಮನೆಯಲ್ಲಿರೋ ತನಕ ಸಾಕು. ಒಂದು ಉತ್ತರ ಕಳಿಸಬೇಕು."

"ಅವರು ಓದೋದಿಲ್ಲವಲ್ಲಮ್ಮ."

"ಗೊತ್ತು. ತಲುಪಿದ್ರೆ ಸಾಕು."

ಸಹೋದ್ಯೋಗಿಯ ಬೆರಳು ಕೀಲಿಗಳ ಮೇಲೆ ಕಾಯುತ್ತಿತ್ತು. ಮ್ಯಾನೇಜರು ಅವಳ ಕಡೆ ನೋಡಿ ತಲೆಯಲ್ಲಾಡಿಸಿದರು. "ತಪಾಸಣೆಯವರು ನನ್ನ ತಲೆ ತಿಂತಾರೆ. ಬೇರೆ ಏನು ಸಹಾಯ ಬೇಕಾದ್ರೂ ಕೇಳು, ನಿಮ್ಮಪ್ಪ ನಮ್ಮ ಮನೆಯವರ ಹಾಗೆ." ಅಷ್ಟರಲ್ಲಿ ಅವರ ಫೋನು ಟಿಂಗ್ ಎಂದಿತು, ಮತ್ತೆ ಟಿಂಗ್, ಆಮೇಲೆ ಎಡೆಬಿಡದೆ. ಬೆಳಗಿನಿಂದ ತಡೆದಿದ್ದ ಮೇಲುಗಳೆಲ್ಲ ಬರತೊಡಗಿದ್ದವು. ಮ್ಯಾನೇಜರ ಮುಖ ಮದುವೆ ಮನೆಯಾಯಿತು. "ಲಾರಿ ಬಿಡಿ," ಎಂದು ಫೋನಿನಲ್ಲಿ ಹೇಳುತ್ತ ಅಂಗಳಕ್ಕೆ ನಡೆದರು.

ಬೀದಿಯಲ್ಲಿ ವ್ಯಾನಿನ ಬಾಗಿಲು ತೆರೆದ ಸದ್ದಾಯಿತು. ನಾಲ್ವರು ಬಂದು ಬಗ್ಗಿದರು.

"ಬಾರೇ," ಎಂದಳು ಅಮ್ಮ. "ಕಾಲ ಕಡೆ ಬಂದು ನಿಲ್ಲು."

"ಬಂದೆ ಅಮ್ಮ." ಅವಳು ಎಲ್ಲಕ್ಕಿಂತ ಕೊನೆಯ ಪರೀಕ್ಷೆಯನ್ನು ತೆರೆದು, ಅದರ ಕೆಳಗೆ, "ತಲುಪಿದೆ ಅಪ್ಪ," ಎಂದು ಬರೆದು ಕಳಿಸಿದಳು.

ಹೆಣ ಹೊಸ್ತಿಲು ದಾಟುವಾಗ ಕೈಯಲ್ಲಿದ್ದ ಫೋನು ನಡುಗಿತು.

"ನೀವು ಬರೆದವರು ಈ ವಿಳಾಸದಲ್ಲಿ ಇಲ್ಲ. ತಪ್ಪು ನಿಮ್ಮದೇ ಇರಬೇಕೆಂದಿಲ್ಲ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ವಿಳಾಸ ಸರಿಯಾಗಿ ನೋಡಿಕೊಂಡು ಇನ್ನೊಮ್ಮೆ ಬರೆಯಿರಿ.

ಅಂಚೆ ಮಾಸ್ತರ."